ಮೇಜು ಮಗುಚಿ ಹಾಕ್ರಿ

ಹಳೇ ಮಂಚ ಮನೆಗೆ ತರಬಾರದು ಅನ್ನುವುದು ನಮ್ಮವ್ವನ ಕಾನೂನು. ಅದರ ಮೇಲೆ ಯಾರು ನರಳಿದ್ದರೋ, ಯಾರು ಪ್ರಾಣ ಬಿಟ್ಟಿದ್ದರೋ, ಯಾರಿಗೆ ಗೊತ್ತು? ಮೇಜಿನ ವಿಷಯದಲ್ಲಿ ಮಾತ್ರ ಕಾನೂನು ಸ್ವಲ್ಪ ಸಡಿಲ. ಮೇಜಿನ ಮೇಲೆ ಯಾರೂ ಸಾಯುವುದಿಲ್ಲ, ಹೆಚ್ಚೆಂದರೆ ಲೆಕ್ಕ ತಾಳೆಯಾಗದೆ ತಲೆ ಇಟ್ಟು ಮಲಗಿರುತ್ತಾರೆ. ಇದನ್ನೇ ನೆಪ ಮಾಡಿಕೊಂಡು ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಹಳೇ ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿಯವರು ಒಂದು ಬರೆಯುವ ಮೇಜಿನ ಧೂಳು ಒರೆಸಿ, "ಬ್ರಿಟಿಷರ ಕಾಲದ್ದು ಸರ, ಒರಿಜಿನಲ್ ಸಾಗುವಾನಿ" ಅಂದರು. ಹದಿನೆಂಟು ಸಾವಿರ. ನಮ್ಮ ಸೀಮೆಯನ್ನು 1881ರಿಂದ ಸ್ವಾತಂತ್ರ್ಯ ಬರುವವರೆಗೆ ಆಳಿದವರು ಮೈಸೂರು ಮಹಾರಾಜರು. ಆದರೆ ಹಳೇ ಸಾಮಾನಿನ ಅಂಗಡಿಯಲ್ಲಿ ಮಹಾರಾಜರ ಕಾಲಕ್ಕೆ ಬೆಲೆ ಕಡಿಮೆ, ಎಲ್ಲವೂ ಬ್ರಿಟಿಷರ ಕಾಲದ್ದೇ. ನಾನು ಏನೋ ತಿಳಿದವನ ಹಾಗೆ ಬೆರಳ ಗೆಣ್ಣಿನಿಂದ ಮೇಜನ್ನು ಟಕ್ ಟಕ್ ಬಡಿದೆ, ತೆಂಗಿನಕಾಯಿ ಬಡಿದು ನೋಡುತ್ತೇವಲ್ಲ, ಹಾಗೆ. ಟಕ್ ಅಂದಿತು. ಇನ್ನೇನು ಅನ್ನಬೇಕು?

ಮಾರನೇ ದಿನ ಪರಿಚಯದ ಬಡಿಗಿ ಆಚಾರ್ರಿಗೆ ಎರಡು ಬೆಣ್ಣೆದೋಸೆ ತಿನ್ನಿಸಿ ಕರೆದುಕೊಂಡು ಹೋದೆ. ಅವರು ಮೇಜಿನ ಮೇಲ್ಭಾಗವನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಮೊದ್ಲು ಮಗುಚಿ ಹಾಕ್ರಿ" ಅಂದರು. "ಮಾರಿಗೆ ಎಲ್ರೂ ಪಾಲಿಶ್ ಹೊಡೀತಾರೆ ರೀ. ಹೊಟ್ಟಿಗೆ ಯಾರು ಹೊಡೀತಾರೆ?"

ಮಗುಚಿದೆವು. ಜೇಡರ ಬಲೆ, ಒಣಗಿದ ಚೂಯಿಂಗ್ ಗಮ್, ಮಾಸಿದ ಬಿಳಿ ಬಣ್ಣದಲ್ಲಿ ಎಂಥದೋ ಅಕ್ಷರ. ಆಚಾರ್ರು ಮೊದಲು ಖಾನೆಯನ್ನು ಪೂರ್ತಿ ಎಳೆದು ತೊಡೆಯ ಮೇಲೆ ಇಟ್ಟುಕೊಂಡರು. ಮೂಲೆಯಲ್ಲಿ ಎರಡು ಹಲಗೆ ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡಿದ್ದವು. ಒಂದು ಬೆರಳು ದಪ್ಪ, ಪಕ್ಕದ್ದು ಸಣ್ಣ, ಒಂದಂತೂ ಸೊಟ್ಟ. ಬುಡದಲ್ಲಿ ಗುರುತಿಗೆ ಎಳೆದ ಸಣ್ಣ ಗೀರು ಇನ್ನೂ ಉಳಿದಿತ್ತು. "ಇದು ಕೈಕೆಲಸ" ಅಂದರು. ಮಷೀನಿನಲ್ಲಿ ಕೊಯ್ದಿದ್ದರೆ ಎಲ್ಲಾ ಬೆರಳೂ ಒಂದೇ ಅಳತೆ, ಸ್ಕೂಲ್ ಮಕ್ಕಳು ಸಾಲಿಗೆ ನಿಂತ ಹಾಗೆ. ಕಾಲು ಕೂಡುವಲ್ಲಿ ಕಬ್ಬಿಣದ ಮೊಳೆ ಇರಲಿಲ್ಲ, ಬಿದಿರಿನ ಮೊಳೆ ಇತ್ತು. ಅಂಟು ಕಂದು ಬಣ್ಣಕ್ಕೆ ತಿರುಗಿ, ಗಾಜಿನಂತೆ ಪುಡಿಯಾಗುತ್ತಿತ್ತು. ಫೆವಿಕಾಲ್ ಬಂದಿದ್ದೇ 1959ರಲ್ಲಿ. ಅದಕ್ಕೂ ಮೊದಲು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟನ್ನು ಕಾಯಿಸಿ ಬಿಸಿಬಿಸಿ ಹಚ್ಚುತ್ತಿದ್ದರು.

ಬೀಗದ ಸ್ಕ್ರೂ ನೋಡಿದರೆ ತಲೆಯ ಮೇಲೆ ಪ್ಲಸ್ ಗುರುತು. ನನಗೆ ಖುಷಿಯಾಯಿತು, ಇದೊಂದು ಗೊತ್ತಿತ್ತು. ಆ ಪ್ಲಸ್ ಸ್ಕ್ರೂಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ, ನಮ್ಮ ಬಡಿಗಿಗಳ ಡಬ್ಬಿಗೆ ಬಿದ್ದಿದ್ದು ಎಷ್ಟೋ ತಡವಾಗಿ. ಹಾಗಾದರೆ ಮೇಜು ಹೊಸದು! ಆಚಾರ್ರು ಬೀಗ ಬಿಚ್ಚಿ ತೋರಿಸಿದರು. ಹಿಂದೆ ಇನ್ನೊಂದು ಜೊತೆ ಹಳೇ ತೂತು. "ಬೀಗ ಬದಲಾಗ್ತದೆ ರೀ, ತೂತು ಎಲ್ಲಿಗೆ ಹೋಗ್ತದೆ?"

ಆಮೇಲೆ ಬಂತು ಕಳ್ಳಾಟ. ಕಾಲು, ಖಾನೆಗಳ ಒಳಮೈಯಲ್ಲಿ ಗರಗಸದ ಗೀರು ನೆಟ್ಟಗೆ ಇದ್ದವು, ಒಂದು ಆಳ, ಒಂದು ತೆಳು. ಮೇಲಿನ ಹಲಗೆಯ ಅಡಿಯಲ್ಲಿ ಮಾತ್ರ ಬಿಲ್ಲಿನಂಥ ಗೀರು, ಒಂದರ ಹಿಂದೆ ಒಂದು. ಅದು ದುಂಡು ಗರಗಸದ ಗುರುತು, ಸಾಮಿಲ್‌ನಲ್ಲಿ ಕೊಯ್ದದ್ದು. ಆಚಾರ್ರು ಕಾಲನ್ನು ಉಗುರಲ್ಲಿ ಕೆರೆದು ಮೂಸಿದರು, ನನಗೂ ಮೂಸಿಸಿದರು. ಹೊಸ ಚರ್ಮದ ಚಪ್ಪಲಿಯ ವಾಸನೆ. ಅದು ಸಾಗುವಾನಿ. ಹಲಗೆ ಕೆರೆದರೆ ಪಾಲಿಶ್ ವಾಸನೆ ಬಿಟ್ಟು ಏನೂ ಇಲ್ಲ. "ಕಾಲು ಅಪ್ಪಂದು, ತಲೆ ಮಗಂದು" ಅಂದರು. ಎತ್ತಿದರೆ ಭಾರ ಇದೆ ಅಂತ ಸಾಗುವಾನಿ ಅಂದುಕೊಳ್ಳುವವರು ಜಾಸ್ತಿ. ಮತ್ತಿಯೂ ಭಾರ, ಬೀಟೆಯೂ ಭಾರ.

ಖಾನೆಯನ್ನು ಪೇಪರ್ ಮೇಲೆ ಬೋರಲು ಹಾಕಿ ತಟ್ಟಿದೆವು. ಅಲ್ಲಲ್ಲಿ ಸೂಜಿ ತೂತು ಇದ್ದರೂ ಹಿಟ್ಟು ಉದುರಲಿಲ್ಲ. ಹೊಸ ಹಿಟ್ಟು ಬಿದ್ದರೆ ಕುಟ್ಟೆಹುಳ ಇನ್ನೂ ಸಂಸಾರ ನಡೆಸುತ್ತಿದೆ ಅಂತ. ಇಲ್ಲಿ ಬಾಡಿಗೆದಾರರು ಮನೆ ಖಾಲಿ ಮಾಡಿದ್ದರು.

ಆ ಬಿಳಿ ಅಕ್ಷರವನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ '...ತ್ರದುರ್ಗ' ಅಂತ ಕಂಡಿತು, ಪಕ್ಕದಲ್ಲಿ ಒಂದು ನಂಬರು. ಯಾವುದೋ ಆಫೀಸಿನಿಂದ ಹರಾಜಾಗಿದ್ದಿರಬೇಕು. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಮೇಜು ಇದೇ ಊರಿನದಾದರೆ ಅದಕ್ಕೂ ಹಿಂದಿನದು. ಜೊತೆಗೆ 'ಮೈಸೂರು ರಾಜ್ಯ' ಅಂತಲೂ ಇದ್ದಿದ್ದರೆ 1973ಕ್ಕೂ ಹಿಂದಕ್ಕೆ ಹೋಗಬಹುದಿತ್ತು. ಬ್ರಿಟಿಷರ ಸುದ್ದಿ ಎಲ್ಲೂ ಇರಲಿಲ್ಲ.

ನನಗೆ ಮೇಜು ಹಿಡಿಸಿದ್ದು ಬೇರೆ ಕಾರಣಕ್ಕೆ. ಕಾಲುಗಳ ನಡುವೆ ಅಡ್ಡಪಟ್ಟಿ ಇದೆಯಲ್ಲ, ಪಾದ ಇಡುವುದಕ್ಕೆ, ಅದು ಬಲಗಡೆ ಮಾತ್ರ ಸವೆದು ತಗ್ಗಾಗಿತ್ತು, ನುಣ್ಣಗೆ, ದೇವಸ್ಥಾನದ ಹೊಸ್ತಿಲಿನ ಹಾಗೆ. ಯಾವನೋ ಗುಮಾಸ್ತ ಸರ್ವಿಸ್ ಪೂರ್ತಿ ಬಲಗಾಲನ್ನು ಅಲ್ಲೇ ಇಟ್ಟು ಕೂತಿದ್ದಾನೆ. ಹಳೇದು ಅಂತ ಮೋಸ ಮಾಡುವವರು ಉಪ್ಪುಕಾಗದ ಹಿಡಿದು ಎಲ್ಲಾ ಕಡೆ ಒಂದೇ ಸಮ ಸವೆಸುತ್ತಾರೆ. ಮನುಷ್ಯ ಹಾಗೆ ಕೂರುವುದಿಲ್ಲ.

ರೇಟಿನ ಹೊತ್ತಿಗೆ ಆಚಾರ್ರು ಟೇಪ್ ತೆಗೆದರು. ಒಂದಿಂಚು ದಪ್ಪದ ಹಲಗೆ ಹನ್ನೆರಡು ಚದರಡಿ ಆದರೆ ಒಂದು ಘನ ಅಡಿ. ಮೇಲಿನ ಹಲಗೆ ಬಿಟ್ಟು ಬರೀ ಸಾಗುವಾನಿಯ ಲೆಕ್ಕ ಹಾಕಿ, ಮೇಲೆ ಕೈಕೆಲಸಕ್ಕಿಷ್ಟು ಸೇರಿಸಿ, "ಒಂಬತ್ತು" ಅಂದರು. ಅಂಗಡಿಯವರು ಆಚಾರ್ರನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು ಆಗಲೇ ಆ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ನೋಡುತ್ತಿದ್ದೆ. ಹನ್ನೊಂದಕ್ಕೆ ಮುಗಿಯಿತು, ಟೆಂಪೋ ಬಾಡಿಗೆ ಬೇರೆ. ದಾರಿಯುದ್ದಕ್ಕೂ ಆಚಾರ್ರು ಮಾತಾಡಲಿಲ್ಲ.

ಈಗ ಮಳೆಗಾಲ. ಮರ ಉಬ್ಬಿ ಖಾನೆ ಬಿಗಿದುಕೊಂಡಿದೆ, ಒಳಗೆ ಕರೆಂಟ್ ಬಿಲ್ಲು. ನಾಳೆಯೇ ಕೊನೇ ದಿನ. ಫೋನ್ ಮಾಡಿದೆ.

"ಖಾನೆ ಅಡಿಗೆ ಮೇಣದಬತ್ತಿ ತಿಕ್ರಿ, ಬೆಣ್ಣಿ ಹಂಗೆ ಬರ್ತದೆ" ಅಂದರು ಆಚಾರ್ರು. ಆಮೇಲೆ ಸ್ವಲ್ಪ ತಡೆದು, "ಆದ್ರ ಮೊದ್ಲು ಖಾನೆ ಹೊರಗ ತೆಗೀಬೇಕಲ್ರಿ."