ಬಂಡೆ ಐತೆ ಸಾ

ನೆಲ ಕೊರೆಯೋದರಲ್ಲಿ ನಮ್ಮ ಕೋಲಾರದವರು ಯಾರಿಗೂ ಕಮ್ಮಿ ಇಲ್ಲ. ಚಿನ್ನಕ್ಕಾಗಿ ಕೆಜಿಎಫ್‌ನಲ್ಲಿ 3 ಕಿಲೋಮೀಟರ್‌ಗೂ ಜಾಸ್ತಿ ಕೆಳಗಿಳಿದೆವು. ನೀರಿಗಾಗಿ 1,500 ಅಡಿ ಬೋರ್ ಹಾಕಿಸಿದೆವು. ಬರೀ ದೂಳು ಬಂದರೂ ಬೇಜಾರಾಗದೆ ಪಕ್ಕದಲ್ಲೇ ಇನ್ನೊಂದು ಪಾಯಿಂಟ್ ನೋಡಿಸಿದೆವು. ಆದರೆ ಹೊಸ ಮನೆಗೆ ಕರೆಂಟ್ ತಗೊಳ್ಳುವಾಗ ಸೋರಿದ ಕರೆಂಟನ್ನು ನೆಲಕ್ಕೆ ಕಳಿಸೋ ಅರ್ಥಿಂಗ್ ಪೈಪನ್ನು ಎಂಟಡಿ ಇಳಿಸಿ ಅಂದರೆ ಮಾತ್ರ ಭೂಮಿತಾಯಿ ಬಾಗಿಲು ಹಾಕಿಕೊಳ್ಳುತ್ತಾಳೆ.

"ಬಂಡೆ ಐತೆ ಸಾ" ಅಂದರು ನಮ್ಮ ವೈರಿಂಗ್ ಕಂಟ್ರಾಕ್ಟರ್. ಎರಡೇ ಅಡಿಗೆ! ಅದೇ ಸೈಟಿನಲ್ಲಿ ಸಂಪ್‌ಗೆ ಅಂತ ಹತ್ತಡಿ ತೋಡಿದಾಗ ಬರೀ ಕೆಂಪು ಮಣ್ಣು ಸಿಕ್ಕಿತ್ತು. ಅರ್ಥಿಂಗ್ ಅನ್ನೋ ಮಾತು ಕೇಳಿ ಬಂಡೆ ಎಲ್ಲಿಂದಲೋ ಓಡಿ ಬಂದಿರಬೇಕು.

40 ಮಿ.ಮೀ. ಜಿಐ ಪೈಪ್, ಎರಡೂವರೆ ಮೀಟರ್ ಉದ್ದ. ಸುತ್ತ ಇದ್ದಿಲು, ಉಪ್ಪು. ನೀರು ಹೊಯ್ಯೋಕೆ ಮೇಲೊಂದು ಆಲಿಕೆ. ಇಷ್ಟೂ ಬಿಲ್ಲಿನಲ್ಲಿ ಚೊಕ್ಕವಾಗಿ ಇತ್ತು. ನೆಲದಲ್ಲಿ ಇದ್ದದ್ದು ಒಂದು ಮೋಟು ಪೈಪ್, ಅದರ ಸುತ್ತ ಸಿಮೆಂಟ್. ಗೃಹಪ್ರವೇಶದ ದಿನ ನಮ್ಮತ್ತೆ ಅದಕ್ಕೂ ಅರಿಶಿನ ಕುಂಕುಮ ಇಟ್ಟರು. ಆ ಪೈಪಿಗೆ ಸಿಕ್ಕ ಉಪಚಾರ ಅದೊಂದೇ.

ಚೆಕ್ ಮಾಡೋಕೆ ಬಂದವರು ಬೈಕ್ ಇಳಿಯಲಿಲ್ಲ. "ಅರ್ಥ್ ಆಗಿದ್ಯಾ?" "ಆಗೈತೆ ಸಾ." ನನಗೆ ಅರ್ಥವಾಗಲಿಲ್ಲ, ಆದರೂ ಫಾರಂ ಮೇಲೆ ಸೀಲ್ ಬಿತ್ತು. ಅದರಲ್ಲಿ ಅರ್ಥಿಂಗ್‌ನ ತಡೆ 2 ಓಮ್ ಅಂತ ಬರೆದಿತ್ತು; ತಡೆ ಕಮ್ಮಿ ಇದ್ದಷ್ಟೂ ಕರೆಂಟ್ ಸಲೀಸಾಗಿ ನೆಲಕ್ಕಿಳಿಯುತ್ತದೆ. ನಮ್ಮ ಬೀದಿಯ ಎಲ್ಲ ಮನೆಗಳಿಗೂ ಅದೇ 2 ಓಮ್. ಮೀಟರ್ ಹಿಡಿದು ಅಳೆದವರನ್ನು ಮಾತ್ರ ಯಾರೂ ಕಂಡಿಲ್ಲ.

ವಾರದೊಳಗೆ ಫ್ರಿಜ್ ಮುಟ್ಟಿದರೆ ಜುಮ್ ಅನ್ನೋಕೆ ಶುರು ಮಾಡಿತು. ಈಗ ನಮ್ಮನೆಯಲ್ಲಿ ದೇವರ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತೇವೆ, ಫ್ರಿಜ್ ಹತ್ತಿರ ಚಪ್ಪಲಿ ಹಾಕ್ಕೊಂಡು ಹೋಗುತ್ತೇವೆ.

ಒಳಗಿನ ವೈರ್ ಪೂರ್ತಿ ಫ್ರಿಜ್‌ನ ಮೈಗೆ ತಗುಲಿದರೆ ಏನು ಕಥೆ? 230 ವೋಲ್ಟ್, ಅರ್ಥಿಂಗ್ 5 ಓಮ್ ಇದ್ದರೆ 46 ಆಂಪ್ ಹರಿದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್) ಬೀಳುತ್ತದೆ. ಒಣ ನೆಲ, ಮೋಟು ಪೈಪ್ ಸೇರಿ 100 ಓಮ್ ಆದರೆ ಹರಿಯೋದು 2.3 ಆಂಪ್. 16 ಆಂಪ್ ಎಂಸಿಬಿಗೆ ಅದು ಸೊಳ್ಳೆ ಕಡಿದ ಹಾಗೆ. ಫ್ರಿಜ್ ಮೈಮೇಲೆ ಕರೆಂಟ್ ಆರಾಮಾಗಿ ಕೂತು ನಮ್ಮ ಕೈಗೆ ಕಾಯುತ್ತದೆ. 30 ಮಿಲಿ ಆಂಪ್ ಸೋರಿದರೂ ಬೀಳುವ ಆರ್‌ಸಿಸಿಬಿ ಸ್ವಿಚ್ ಹಾಕಿಸೋಣ ಅಂದೆ. "ಬ್ಯಾಡ ಸಾ, ಅದು ಸುಮ್ ಸುಮ್ನೆ ಬೀಳ್ತದೆ" ಅಂದರು ಕಂಟ್ರಾಕ್ಟರ್. ಇಂಥ ಮನೆಯಲ್ಲಿ ಬೀಳೋದೇ ಅದರ ಕೆಲಸ ಅಲ್ವಾ!

ಪಕ್ಕದ ಮನೆಯವರು ಅರ್ಥ್ ವೈರನ್ನು ನಲ್ಲಿ ಪೈಪಿಗೆ ಕಟ್ಟಿದ್ದಾರೆ. ತಾತನ ಕಾಲದ ಉಪಾಯ. ಆಗ ಪೈಪ್ ಕಬ್ಬಿಣದ್ದು, ಈಗ ಕರೆಂಟ್ ಹರಿಯದ ಪಿವಿಸಿ. ಎದುರು ಮನೆಯವರು ಅದನ್ನು ಸಾಕೆಟ್‌ನಲ್ಲೇ ನ್ಯೂಟ್ರಲ್‌ಗೆ, ಅಂದರೆ ಕರೆಂಟ್ ವಾಪಸ್ ಹೋಗೋ ವೈರಿಗೆ, ಸೇರಿಸಿಬಿಟ್ಟಿದ್ದಾರೆ. ಆ ನ್ಯೂಟ್ರಲ್ ಕಿತ್ತುಹೋದ ದಿನ ಅವರ ವಾಷಿಂಗ್ ಮೆಷಿನ್ ಮುಟ್ಟೋಕೆ ನಾನಂತೂ ಹೋಗಲ್ಲ.

ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ತಂದದ್ದು 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಅಷ್ಟು ದೂರದಿಂದ ಬಂದ ಕರೆಂಟಿಗೆ ಕೆಳಗಿಳಿಯೋಕೆ ಎಂಟಡಿ ದಾರಿ ಬಿಡೋಕೆ ನಮಗೆ 120 ವರ್ಷ ಸಾಲಲಿಲ್ಲ.

ಮೊನ್ನೆ ಕಂಟ್ರಾಕ್ಟರ್‌ಗೆ ಫೋನ್ ಮಾಡಿ ಜಗಳ ತೆಗೆದೆ. "ಬೇಸಿಗೆ ಅಲ್ವಾ ಸಾ, ಮಣ್ಣು ಒಣಗಿರ್ತದೆ. ದಿನಾ ಎರಡು ಬಿಂದಿಗೆ ನೀರು ಹಾಕಿ" ಅಂದರು. ನಾವು ಟ್ಯಾಂಕರ್ ನೀರು ಕುಡಿಯೋರು. ಹೋಗಲಿ, ಹಾಕೋಣ ಅಂದರೆ ಎಲ್ಲಿಗೆ? "ಮೇಲೆ ನೀವೇ ಸಿಮೆಂಟ್ ಬಳಿದಿದ್ದೀರಲ್ರೀ!"

"ಅದರ ಮೇಲೇ ಹಾಕಿ ಸಾ. ಕ್ಯೂರಿಂಗ್ ಆದ್ರೂ ಆಗ್ತದೆ."