ಕ್ಯಾಲೆಂಡರಿನಲ್ಲಿರುವ ನಕ್ಷತ್ರ, ಆಕಾಶದಲ್ಲಿರುವ ಚಂದ್ರ

2023ರ ಮಾರ್ಚ್ 24, ಯುಗಾದಿಯ ಮೂರನೆಯ ದಿನ. ಹಿಂದಿನ ಸಂಜೆಯಷ್ಟೇ ಚಂದ್ರದರ್ಶನ ಮಾಡಿ ಹಿರಿಯರಿಗೆ ನಮಸ್ಕರಿಸಿದ್ದ ನಮ್ಮ ಮನೆಯ ಮಕ್ಕಳು ಆ ಸಂಜೆ ಮತ್ತೆ ತಾರಸಿಗೆ ಓಡಿದರು. ದೋಣಿಯಂತೆ ಮಲಗಿದ್ದ ತದಿಗೆಯ ಚಂದ್ರನ ಕೆಳಗೆ, ತೀರ ಸಮೀಪದಲ್ಲಿ, ಶುಕ್ರ ಹೊಳೆಯುತ್ತಿತ್ತು; ಚಂದ್ರನ ಕತ್ತಲ ಭಾಗವೂ ಭೂಮಿಯಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಅಂದು ದೇಶದ ಹಲವೆಡೆ ಚಂದ್ರ ಶುಕ್ರನನ್ನು ಕೆಲಹೊತ್ತು ಮರೆಮಾಡಿತ್ತು.

ಹಾಗೆ ಮರೆಯಾಗುವುದು ಅಪರೂಪ, ನಿಜ. ಆದರೆ ಚಂದ್ರನ ಪಕ್ಕದಲ್ಲಿ ಗ್ರಹ ಕಂಡಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ‘ನೂರು ವರ್ಷಕ್ಕೊಮ್ಮೆ’ ಎಂದು ಹಬ್ಬಿಸುವುದು ನನಗೆ ಬೇಸರ ತರುತ್ತದೆ. ಚಂದ್ರ ಪ್ರತಿ ತಿಂಗಳೂ ಎಲ್ಲ ಗ್ರಹಗಳನ್ನೂ ಹಾದುಹೋಗುತ್ತಾನೆ. ‘ತಿಂಗಳು’ ಎಂದರೆ ಚಂದ್ರನೇ ಅಲ್ಲವೇ?

ಅದನ್ನು ನೋಡಲು ಬೇಕಾದ ಕೈಪಿಡಿ ನಮ್ಮ ಗೋಡೆಯ ಮೇಲೆಯೇ ಇದೆ. ರಾಹುಕಾಲಕ್ಕೆಂದು ತಿರುವಿಹಾಕುವ ಕ್ಯಾಲೆಂಡರಿನಲ್ಲಿ ‘ರೋಹಿಣಿ’ ಎಂದಿದ್ದರೆ, ಅಂದು ಚಂದ್ರ ಕೆಂಪುಛಾಯೆಯ ಆ ತಾರೆಯ ಆಸುಪಾಸಿನಲ್ಲಿದ್ದಾನೆ ಎಂದೇ ಅರ್ಥ. ಆತ ದಿನಕ್ಕೆ ಸುಮಾರು 13 ಡಿಗ್ರಿ, ಅಂದರೆ ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಹೆಚ್ಚು, ಪೂರ್ವಕ್ಕೆ ಸರಿದು 27.3 ದಿನಗಳಲ್ಲಿ ಅದೇ ತಾರೆಯ ಬಳಿಗೆ ಮರಳುವುದರಿಂದಲೇ ನಕ್ಷತ್ರಗಳು 27. ಹುಣ್ಣಿಮೆಯಿಂದ ಹುಣ್ಣಿಮೆಗಾದರೋ 29.5 ದಿನ ಬೇಕು. ಈ ಎರಡು ದಿನಗಳ ವ್ಯತ್ಯಾಸದಲ್ಲಿಯೇ ನನಗೆ ಅತ್ಯಂತ ಪ್ರಿಯವಾದ ಸಂಗತಿಯಿದೆ: ಕಾರ್ತಿಕದಲ್ಲಿ ಕೃತ್ತಿಕೆಯ ಬಳಿ ಪೂರ್ಣನಾಗಿದ್ದ ಚಂದ್ರ, ಪ್ರತಿ ಸಲ ಅಲ್ಲಿಗೆ ಮರಳುವಾಗಲೂ ಹುಣ್ಣಿಮೆಗೆ ಇನ್ನೂ ಎರಡೆರಡು ದಿನ ಮೊದಲೇ ಬಂದು, ಮಾಘದ ಹೊತ್ತಿಗೆ ಅರ್ಧಚಂದ್ರನಾಗಿ, ಚೈತ್ರದಲ್ಲಿ ಎಳೆಯ ಗೆರೆಯಾಗಿ ಅದೇ ಕೃತ್ತಿಕೆಯ ಪಕ್ಕದಲ್ಲಿ ನಿಲ್ಲುತ್ತಾನೆ. ಆ ಚೈತ್ರದ ಹುಣ್ಣಿಮೆ ಚಿತ್ತೆಯ ಬಳಿ. ಮಾಸಕ್ಕೆ ಹೆಸರು ಬಂದದ್ದೇ ಅಲ್ಲಿಂದ.

ಶಾಲೆಗಳಲ್ಲಿ ಚಂದ್ರನ ಕಲೆಗಳ ಚಿತ್ರ ಬರೆಸುತ್ತಾರೆ. ಅದರ ಜೊತೆಗೆ ಒಂದು ತಿಂಗಳ ಕಾಲ ಮಕ್ಕಳಿಂದ ತಿಥಿ, ನಕ್ಷತ್ರ, ಚಂದ್ರನ ಪಕ್ಕದಲ್ಲಿ ಕಂಡ ಹೊಳೆಯುವ ಚುಕ್ಕೆ ಇವಿಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಸಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಚುಕ್ಕೆ ಮಿನುಗದಿದ್ದರೆ ಬಹುಮಟ್ಟಿಗೆ ಅದು ಗ್ರಹ. ರೋಹಿಣಿ, ಮಘೆ, ಚಿತ್ತೆ, ಜ್ಯೇಷ್ಠೆಗಳಿಂದ ಆರಂಭಿಸುವುದು ಸುಲಭ, ಏಕೆಂದರೆ ಈ ನಾಲ್ಕೂ ಪ್ರಕಾಶಮಾನ ತಾರೆಗಳು ಚಂದ್ರನ ಹಾದಿಯ ಸಮೀಪದಲ್ಲಿಯೇ ಇವೆ. ಸ್ವಾತಿಯ ದಿನ ಮಾತ್ರ ತಾರೆಯನ್ನು ಚಂದ್ರನ ಪಕ್ಕದಲ್ಲಿ ಹುಡುಕಬಾರದು. ಅದು ಮೂರು ಮುಷ್ಟಿಯಷ್ಟು ಉತ್ತರಕ್ಕಿದೆ.