ಸತ್ಯಾಂಶ: 250 ಗ್ರಾಂ ಒಳಗಿನ ಡ್ರೋನ್‌ಗೆ ಯಾವ ನಿಯಮವೂ ಇಲ್ಲವೇ?

'ಡ್ರೋನ್ 250 ಗ್ರಾಂ ಒಳಗಿದ್ದರೆ ಎಲ್ಲಿ ಬೇಕಾದರೂ ಹಾರಿಸಿ, ಯಾರೂ ಕೇಳುವಂತಿಲ್ಲ.' ಚಿಕ್ಕಬಳ್ಳಾಪುರದ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶ ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

2021ರ ಡ್ರೋನ್ ನಿಯಮಗಳ ಪ್ರಕಾರ ಇಷ್ಟು ಹಗುರವಾದ ನ್ಯಾನೋ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ವಿನಾಯಿತಿ ಇರುವುದು ಅದಕ್ಕೆ. ಆಕಾಶಕ್ಕಲ್ಲ!

ಡ್ರೋನ್ ಹಾರಾಟಕ್ಕಾಗಿ ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ಮೂರು ವಲಯಗಳಾಗಿ ವಿಂಗಡಿಸಿದ್ದಾರೆ. ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕೇ ಬೇಕು. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಕರು ಒಪ್ಪಬೇಕು. ಹಸಿರು ವಲಯದಲ್ಲೂ ಸಾಮಾನ್ಯವಾಗಿ 400 ಅಡಿ ಮಿತಿ. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಒಳಗೆ ಬರೀ 200 ಅಡಿ. ಪಕ್ಕದಲ್ಲೇ ದೇವನಹಳ್ಳಿ ವಿಮಾನ ನಿಲ್ದಾಣ ಇದೆಯಲ್ಲ, ನಮ್ಮ ಕಡೆಯವರಿಗೆ ಇದು ತುಂಬಾ ಮುಖ್ಯ. ವಿಮಾನಗಳಲ್ಲಿ ನೂರಾರು ಜನ ಇರುತ್ತಾರೆ. ಹಾರಿಸುವ ಮೊದಲು ಈ ವಲಯಗಳನ್ನು ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆ 'ಡಿಜಿಟಲ್ ಸ್ಕೈ' ನೋಡಿ. ಜಾತ್ರೆಯಂಥ ಕಡೆ ಪೊಲೀಸರು ತಾತ್ಕಾಲಿಕ ಕೆಂಪು ವಲಯವನ್ನೂ ಘೋಷಿಸಬಹುದು.

ಮದುವೆ ಶೂಟಿಂಗ್ ಮಾಡುವವರಿಗೆ ಇನ್ನೊಂದು ಮಾತು. 250 ಗ್ರಾಂ ಮೀರಿದ ಡ್ರೋನ್‌ನಿಂದ ದುಡಿಯುತ್ತಿದ್ದರೆ ನೋಂದಣಿಯ ಜೊತೆಗೆ ಪೈಲಟ್ ಪ್ರಮಾಣಪತ್ರವೂ ಕಡ್ಡಾಯ. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.